ಕರಿಕೋಟಿನವರು ನೀರಿಗಿಳಿದದ್ದು

“ನೀರಿಗೆ ಇಳೀಲೇಬೇಡಿ ಅಂತ ನಾನು ಹೇಳ್ತಿಲ್ಲ ಪಾದ್ರಮ್ಮಾ. ಇವತ್ತೊಂದಿನ ಬೇಡ ಅಂತಿದೀನಿ, ಅಷ್ಟೆ,” ಎಂದ ಮರ್ಡೊ, ವ್ಯಾನಿನ ಹಿಂಬಾಗಿಲಲ್ಲಿ ಕೂತು ರಬ್ಬರ್ ಉಡುಪಿನೊಳಗೆ ಕಾಲು ತುರುಕುತ್ತ.

“ಹೋದ ವಾರಾನೂ ಇದನ್ನೇ ಹೇಳಿದ್ದೆ ಕಣೋ.”

“ಹೋದ ವಾರ ನೀವು ಕೇಳ್ಲಿಲ್ವಲ್ಲ! ಇಳಿದ್ರಿ. ಆಮೇಲೇನಾಯ್ತು? ನೀವೇ ಹೇಳಿ.”

ಆಗಿದ್ದು ಪಾದ್ರಿ ಆಗ್ನಸ್‌ಗೂ ಗೊತ್ತಿತ್ತು. ಅವರು ಮೊಣಕಾಲುದ್ದ ನೀರಿಗೆ ಇಳಿದದ್ದೇ ತಡ, ಆಳೆತ್ತರ ಏಳುತ್ತಿದ್ದ ಅಲೆಗಳೆಲ್ಲ ಮಲಗಿಬಿಟ್ಟಿದ್ದವು. ಒಂದು ಸಲವಾದರೆ ಹೋಗಲಿ ಅನ್ನಬಹುದಿತ್ತು, ಮೂರು ಸಲ ಹೀಗೇ ಆಗಿತ್ತು. ಗಾಳಿ ತಿರುಗಿತು, ಉಬ್ಬರ ಇಳಿಯಿತು ಎಂದು ಅವರು ಕಾರಣ ಕೊಟ್ಟರೆ ಸ್ಕಾರವಿಕ್ ಎಂಬ ಆ ಕಡಲೂರಿನ ಹುಡುಗರು ತಲೆಯಾಡಿಸಿ, ಆ ಕಡೆ ತಿರುಗಿ ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಎಲ್ಲರೂ ಮೀನುಗಾರರ ಮನೆಯವರೇ. ಪಾದ್ರಿ ದೋಣಿ ಹತ್ತಿದರೆ ಬಲೆ ಬರಿದು ಎಂದು ನಂಬಿದ್ದ ಅಜ್ಜಂದಿರು ಹೋದರು, ದೋಣಿಗಳು ಹೋದವು, ಅಲೆ ಏರುವ ಸರ್ಫಿಂಗ್ ಹಲಗೆಗಳು ಬಂದವು. ನಂಬಿಕೆ ಮಾತ್ರ ಒಂದಿಷ್ಟೂ ಅಲುಗಾಡಿರಲಿಲ್ಲ. ಕಡಲಲ್ಲಿ ಪಾದ್ರಿ ಎಂಬ ಮಾತನ್ನೇ ಎತ್ತುವಂತಿಲ್ಲ, ‘ಕರಿಕೋಟಿನವರು’ ಎನ್ನಬೇಕು. ಬಾಯಿತಪ್ಪಿ ಅಂದರೆ ತಕ್ಷಣ ಕಬ್ಬಿಣ ಮುಟ್ಟಬೇಕು. ಹಲಗೆಯಲ್ಲಿ ಕಬ್ಬಿಣ ಎಲ್ಲಿಂದ ಬರಬೇಕು, ಹೇಳಿ! ಅದಕ್ಕೇ ಮರ್ಡೊ ಮುಂಗೈಗೆ ದಪ್ಪನೆಯ ನಟ್ಟೊಂದನ್ನು ಕಟ್ಟಿಕೊಂಡಿದ್ದ.

“ಇಂಥಾ ಅಲೆ ವರ್ಷಕ್ಕೊಂದ್ಸಲ ಬಂದ್ರೆ ಹೆಚ್ಚು,” ಎಂದ. “ನಿಮ್ ಕಾಲಿಗೆ ಬೀಳ್ತೀನಿ, ಕೆಡಿಸ್ಬೇಡಿ.”

“ದೇವರ ಕೆಲಸ ಮಾಡೋಳು ಬಂದ್ರೆ ಕೆಡುತ್ತೇನಯ್ಯಾ?”

“ದೇವ್ರ ವಿಷ್ಯ ಬೇರೆ, ಕಡಲಿನ ವಿಷ್ಯ ಬೇರೆ. ನೀವು ಎರಡನ್ನೂ ಕಲಸ್ಬೇಡಿ.”

ಆಗ್ನಸ್ ಕಾರಿಗೆ ಬಂದು ಕೂತರು. ಬಾಗಿಲನ್ನು ದಡಾರನೆ ಎಳೆದುಕೊಂಡರು. ಅಂಗಡಿಗೆ ಬ್ರೆಡ್ ಕೊಳ್ಳಲು ಹೋದರೂ, ಪಾದ್ರಿ ಬಂದರೆಂದು ಜನ ಅರ್ಧ ಬಂದ ಬೈಗುಳವನ್ನು ನುಂಗಿಕೊಂಡು ಹವಾಮಾನದ ಮಾತೆತ್ತುತ್ತಿದ್ದರು. ಹರೆಯದಿಂದಲೂ ಅಲೆ ಏರಿದ ಹೆಂಗಸು ಅವರು. ಪಾದ್ರಿಯಲ್ಲದೆ ಬರೀ ಆಗ್ನಸ್ ಆಗಿ ಇರಬಹುದಾದ ಜಾಗ ಅದೊಂದೇ. ಅದೂ ಇಲ್ಲವೆಂದ ಮೇಲೆ ಈ ಊರಲ್ಲಿದ್ದು ಏನು ಮಾಡುವುದು? ಬೇರೆ ಊರು ಕೊಡಿ ಎಂದು ಸಭೆಯ ಹಿರಿಯರನ್ನು ಕೇಳಿಬಿಡುವುದೇ ಸರಿ ಎನ್ನಿಸಿತು. ಆದರೆ ಹೋಗುವ ಮುಂಚೆ ಇವತ್ತಿನ ಅಲೆಯನ್ನು ಬಿಟ್ಟುಕೊಡಲು ಮನಸ್ಸು ಸುತರಾಂ ಒಪ್ಪಲಿಲ್ಲ.

ಊರೆಲ್ಲ ಬಲ್ಲ ಹಳದಿ ಹಲಗೆಯನ್ನು ಮನೆಯಲ್ಲಿಟ್ಟು, ಮೂಲೆಗೆ ಬಿದ್ದಿದ್ದ ಬಿಳಿ ಹಲಗೆ ಹೊತ್ತು, ಬಂಡೆಯ ಆಚೆ ಬದಿಯಿಂದ ಕದ್ದು ನೀರಿಗಿಳಿದರು. ಆ ಚಳಿಯಲ್ಲಿ ಗಂಡಸೋ ಹೆಂಗಸೋ, ಮುದುಕರೋ ಹುಡುಗರೋ, ಎಲ್ಲರ ತಲೆಗೂ ಹುಬ್ಬು, ಗದ್ದ ಮುಚ್ಚುವ ಕಪ್ಪು ರಬ್ಬರ್ ಕುಲಾವಿ. ಎದ್ದು ಕಾಣುವುದು ಮೂಗೊಂದೇ, ಅದೂ ಎಲ್ಲರದ್ದೂ ಕೆಂಪು. ಅಲೆಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು.

ಪಕ್ಕಕ್ಕೆ ಬಂದದ್ದು ಮರ್ಡೊನೇ. “ಆರ್ಕ್ನಿ ದ್ವೀಪದ ಕಡೆಯವನೇನಪ್ಪಾ?”

“ಹ್ಞೂಂ,” ಎಂದರು ಆಗ್ನಸ್, ಆದಷ್ಟು ದಪ್ಪ ದನಿಯಲ್ಲಿ.

“ದವಡೆ ಸೆಟೆದುಹೋಯ್ತಾ? ಇರಲಿ ಬಿಡು, ಮಾತಾಡ್ಬೇಡ. ಪುಣ್ಯ ಮಾಡಿದೀಯ ಕಣೋ, ಸರಿಯಾದ ದಿನ ಬಂದಿದೀಯ. ನಮ್ಮೂರಲ್ಲಿ ಒಬ್ರು ಕರಿಕೋಟಿನವ್ರಿದಾರೆ. ಅವ್ರು ಇಳಿದ್ರೆ ಮುಗೀತು, ಕೆರೆ ಆಗೋಗುತ್ತೆ.” ಪಾದ್ರಿ ಎನ್ನದಿದ್ದರೂ ಅನುಮಾನಕ್ಕೊಮ್ಮೆ ನಟ್ಟು ಮುಟ್ಟಿಕೊಂಡ. “ಕೆಟ್ಟೋರಲ್ಲ. ನಮ್ಮಪ್ಪನ್ನ ಮಣ್ಣು ಮಾಡೋವಾಗ ಎಷ್ಟು ಚೆನ್ನಾಗಿ ಮಾತಾಡಿದ್ರು ಅಂತೀಯ. ಬೇಡ ಅಂದಾಗೆಲ್ಲ ಪಾಪ, ದಡದಲ್ಲೇ ನಿಂತು ನೋಡ್ತಿರ್ತಾರೆ. ನಂಗೆ ಆ ಕಡೆ ತಿರುಗೋಕೇ ಆಗಲ್ಲ.”

ಆಗ್ನಸ್ ಕುಲಾವಿಯನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡರು. ಅಷ್ಟರಲ್ಲಿ ಅಲೆ ಎದ್ದಿತು, ಅವರ ಸರದಿಯದು. ನಾಲ್ಕು ಸಲ ಕೈಯಿಂದ ನೀರು ತಳ್ಳಿ, ಹಲಗೆಯ ಮೇಲೆ ಎದ್ದು ನಿಂತರು. ಕಾಲಡಿ ಹಲಗೆ ಹಗುರಾಯಿತು, ಹಸಿರು ನೀರಿನ ಗೋಡೆ ಪಕ್ಕದಲ್ಲೇ ಉದ್ದಕ್ಕೂ ಓಡಿತು. ಇಂಥದ್ದೊಂದು ಅಲೆ ಅವರಿಗೆ ಈ ಜನ್ಮದಲ್ಲಿ ಸಿಕ್ಕಿರಲಿಲ್ಲ. ತಡೆಯಲಾಗಲಿಲ್ಲ, ಎರಡೂ ಕೈ ಮೇಲೆತ್ತಿ ಕೂಗಿಯೇಬಿಟ್ಟರು: “ದೇವರಿಗೆ ಸ್ತೋತ್ರ!”

ಆ ಕಂಠ ಯಾರಿಗೆ ಗೊತ್ತಿಲ್ಲ? ಸ್ಕಾರವಿಕ್‌ನ ಗಂಡಸರು ಮದುವೆಗೂ ಚರ್ಚಿನ ಹೊರಗೇ ನಿಲ್ಲುವವರು, ಆದರೆ ಸಾವಿಗೆ ತಪ್ಪದೆ ಒಳಗೆ ಬಂದು ಆ ದನಿ ಕೇಳುತ್ತಿದ್ದರು. ಆಗ್ನಸ್ ಮರಳಿ ಬರುವಷ್ಟರಲ್ಲಿ ಕಪ್ಪು ಕುಲಾವಿಗಳೆಲ್ಲ ಅವರತ್ತ ತಿರುಗಿದ್ದವು. ಕಡಲು ತಟ್ಟೆಯ ಹಾಗೆ ಸಪಾಟಾಗಿತ್ತು.

“ಪಾದ್ರಮ್ಮಾ!” ಎಂದ ಮರ್ಡೊ. ಅಂದದ್ದು ನೆನಪಾಗಿ ನಟ್ಟು ಹಿಡಿದ. “ನನ್ನ ಬಾಯಲ್ಲಿ ಏನೇನು ಹೇಳಿಸಿಬಿಟ್ರಿ!”

“ಇಷ್ಟು ಹೊತ್ತೂ ನಾನಿಲ್ಲೇ ಇದ್ದೆನಲ್ಲೋ. ಅಲೆ ಬರ್ಲಿಲ್ವಾ?”

“ನೀವಿದೀರಿ ಅಂತ ಕಡಲಿಗೆ ಗೊತ್ತಿರ್ಲಿಲ್ಲ. ನೀವೇ ಕೂಗಿ ಹೇಳಿದ್ರಿ.”

ಯಾರೋ ಕಿಸಕ್ಕೆಂದರು. ಆಗ್ನಸ್‌ಗೆ ನಗು ಬರಲಿಲ್ಲ. “ದಡದಲ್ಲಿ ನಿಂತು ನೋಡೋದು ನಂಗೂ ಆಗಲ್ಲ ಮರ್ಡೊ. ಅದಕ್ಕೇ ಬಂದೆ. ಹೋಗ್ತೀನಿ, ನಿಮ್ ಅಲೆ ನಿಮಗೆ ಬರಲಿ,” ಎಂದು ಹಲಗೆಯನ್ನು ದಡದ ಕಡೆ ತಿರುಗಿಸಿದರು. ಹಲಗೆ ಮುಂದೆ ಹೋಗಲಿಲ್ಲ. ಹಿಂದಿನಿಂದ ಮರ್ಡೊ ಹಿಡಿದಿದ್ದ.

“ನೀವು ಹೋದ ತಕ್ಷಣ ಅಲೆ ಬಂತು ಅನ್ಕೊಳ್ಳಿ. ಆಮೇಲೆ ಇವ್ರು ನಿಮ್ಮನ್ನ ಈ ಜನ್ಮದಲ್ಲಿ ನೀರಿಗೆ ಬಿಡ್ತಾರಾ? ನಾನೇ ಬಿಡಲ್ಲ. ಸುಮ್ನೆ ಕೂತ್ಕೊಳ್ಳಿ.”

“ಬರದೇ ಹೋದ್ರೆ?”

“ಬರೋವರೆಗೂ ಕೂರೋದು.”

“ಮರ್ಡೊ, ನನ್ ಕಾಲು ಸತ್ತೇ ಹೋಯ್ತು ಮಾರಾಯ,” ಎಂದು ಆಚೆಯಿಂದ ಒಬ್ಬ ಗೊಣಗಿದ.

“ಸಾಯ್ಲಿ ಬಿಡು, ಮಣ್ಣು ಮಾಡೋರು ಇಲ್ಲೇ ಇದಾರೆ. ಯಾರೂ ಹೋಗೋ ಹಾಗಿಲ್ಲ.”

ಯಾರೂ ಹೋಗಲಿಲ್ಲ. ಹಿಮ ಸಣ್ಣಗೆ ಉದುರತೊಡಗಿತು. ಎಲ್ಲರೂ ಹಲಗೆಗಳ ಮೇಲೆ ಕೂತು, ದಡಕ್ಕೆ ಬೆನ್ನು ಹಾಕಿ, ಸದ್ದಿಲ್ಲದ ನೀರನ್ನೇ ನೋಡುತ್ತಿದ್ದರು. ಮರ್ಡೊ ಆಗ್ನಸ್‌ರ ಹಲಗೆಯ ಬಾಲದ ಮೇಲಿಂದ ಕೈ ತೆಗೆದಿರಲಿಲ್ಲ.