ಪರಮಾನಂದನ ಮುಂದೊಂದು ಫಿಯಾಟ್

ದಿನಾ ಬೆಳಿಗ್ಗೆ ಗಂಡನ ಅಂಗಿಯ ಗುಂಡಿ ಹಾಕುವಾಗ ಪ್ರತಿಮಾಳ ಸಿಟ್ಟು ಹೊಸದಾಗುತ್ತಿತ್ತು. ಧರ್ಮರಾಜನ ಬಲಗೈಯ ಬೆರಳುಗಳು ಈಗ ಮಡಚುತ್ತಿರಲಿಲ್ಲ. ಜಮಖಂಡಿಯ ವಿಮಾ ಕಚೇರಿಯಲ್ಲಿ ಅವನು ಎಡಗೈಯಲ್ಲಿ ಸಹಿ ಹಾಕುವುದನ್ನು ರೂಢಿ ಮಾಡಿಕೊಂಡಿದ್ದ, ಆದರೆ ಗುಂಡಿ ಮಾತ್ರ ಒಲಿದಿರಲಿಲ್ಲ. ಅವಳು ಕತ್ತಿನವರೆಗೆ ಗುಂಡಿ ಹಾಕಿ ಮುಗಿಸುವತನಕ ಅವನು ಗೋಡೆ ನೋಡುತ್ತ ನಿಲ್ಲುತ್ತಿದ್ದ. ಆಮೇಲೆ ಅವಳು ಬನಹಟ್ಟಿಯ ತನ್ನ ಶಾಲೆಗೆ ಹೋಗಿ ಮಕ್ಕಳಿಗೆ ಹಿಂದಿ ಕಲಿಸುತ್ತಿದ್ದಳು.

ಕೈ ಹೋದದ್ದು ಹಿಂದಿನ ವರ್ಷ, ಅಂದರೆ 2011ರ ಮೇ ತಿಂಗಳಲ್ಲಿ, ಹಿನ್ನೀರಿನ ರೇಸಿನಲ್ಲಿ.

ಆ ರೇಸನ್ನು ಜಮಖಂಡಿ, ಮುಧೋಳ, ಬನಹಟ್ಟಿಯ ಕಾರಿನ ಹುಚ್ಚಿನ ಒಂದಿಷ್ಟು ಜನ ಸೇರಿ ಶುರು ಮಾಡಿದ್ದರು. ಬೇಸಿಗೆಯಲ್ಲಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಇಳಿದಾಗ ಬೀಳಗಿ ಕಡೆ ಮುಳುಗಿದ ಊರೊಂದರ ನೆಲ ಬಯಲಾಗುತ್ತಿತ್ತು. ಗುಡಿಯ ಕಟ್ಟೆ, ಹಾಳುಬಿದ್ದ ಗೋಡೆ, ಹುಣಸೆಯ ಬೊಡ್ಡೆ ಬಿಟ್ಟರೆ ಉಳಿದದ್ದೆಲ್ಲ ಒಣಗಿದ ಕಪ್ಪು ಹೂಳು. ಅದರ ಮೇಲೆ ಸುತ್ತುದಾರಿ. ಗುಜರಿಗೆ ಹೋಗಬೇಕಾದ ಹಳೆಯ ಗಾಡಿಗಳಿಗೆ ಮಾತ್ರ ಪ್ರವೇಶ. ಗ್ಲಾಸೆಲ್ಲ ಕಿತ್ತು ಮುಂದುಗಡೆ ಮಾತ್ರ ಜಾಳಿಗೆ ಬಡಿಯಬೇಕು, ಗಾಡಿ ಉರುಳಿದರೆ ತಲೆ ಉಳಿಯಲಿ ಎಂದು ಒಳಗೆ ಕಬ್ಬಿಣದ ಪೈಪು ಬೆಸೆಯಬೇಕು. ಒಂದು ಗಾಡಿಗೆ ಇಬ್ಬರು ಚಾಲಕರು. ಮುಂಜಾನೆಯಿಂದ ಮಧ್ಯಾಹ್ನದವರೆಗೆ ಆರು ತಾಸು ಓಡಿಸಿ ಹೆಚ್ಚು ಸುತ್ತು ಹಾಕಿದವರಿಗೆ ಕಪ್. ಜೋರಾಗಿ ಓಡುವುದಕ್ಕಿಂತ ಕೊನೆತನಕ ಓಡುವುದೇ ಕಷ್ಟ ಎಂದು ರೇಸಿನ ಹಿರಿಯರಾದ ಕೃಷ್ಣಾಜಿ ಪ್ರತಿ ಸಲ ಹೇಳುತ್ತಿದ್ದರು. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು.

ಆ ವರ್ಷ ಕೊನೆಯ ಸುತ್ತುಗಳಲ್ಲಿ ಧರ್ಮರಾಜನ ಫಿಯಾಟ್ ಮುಂದಿತ್ತು. ಅವನ ಬೆನ್ನಿಗೆ ಪರಮಾನಂದನ ಎಸ್ಟೀಮ್. ಪರಮಾನಂದ ಜಮಖಂಡಿ ಕೋರ್ಟಿನ ವಕೀಲ, ಸೋಲು ಗೊತ್ತಿಲ್ಲದವನು. ಗುಡಿಕಟ್ಟೆಯ ತಿರುವಿನಲ್ಲಿ ಎಸ್ಟೀಮ್ ಫಿಯಾಟಿನ ಹಿಂಬದಿಗೆ ಬಡಿಯಿತು. ಫಿಯಾಟ್ ಅಡ್ಡಲಾಗಿ ಜಾರಿ ಉರುಳಿತು. ಕಿಟಕಿಯಿಂದ ಹೊರಬಿದ್ದ ಧರ್ಮರಾಜನ ಕೈ ಅದರಡಿ ಸಿಕ್ಕಿತು. ಎಸ್ಟೀಮ್ ನಿಲ್ಲಲಿಲ್ಲ.

ಸಂಜೆ ಪರಮಾನಂದ ಸೇಬಿನ ಚೀಲ ಹಿಡಿದು ಆಸ್ಪತ್ರೆಗೆ ಬಂದಿದ್ದ.

"ಧೂಳಿನ್ಯಾಗ ಏನೂ ಕಾಣಲಿಲ್ರಿ ವೈನಿ. ಮುಂದ ಗಾಡಿ ಐತಂತನೂ ನನಗ ಗೊತ್ತಾಗಲಿಲ್ಲ. ರೇಸ್ ಅಂದಮ್ಯಾಲ ಇವೆಲ್ಲಾ ಇರತಾವು."

ಅವನು ಹೋದ ಮೇಲೆ ಪ್ರತಿಮಾ ಕಿಟಕಿಯಿಂದ ಕೆಳಗೆ ನೋಡಿದಳು. ಆಸ್ಪತ್ರೆಯ ಅಂಗಳದಲ್ಲಿ ಅವನ ಗೆಳೆಯರು ಜೀಪಿನ ಬಾನೆಟ್ ಮೇಲೆ ಕಪ್ ಇಟ್ಟುಕೊಂಡು ಕಾಯುತ್ತಿದ್ದರು. ಪರಮಾನಂದ ನಗುತ್ತ ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಜೀಪು ಹತ್ತಿದ.

ಧರ್ಮರಾಜ ಮೊದಮೊದಲು "ಅಂವಾ ಬೇಕಂತ ದೂಡಿದ" ಎನ್ನುತ್ತಿದ್ದ. ಆ ಧೂಳಿನಲ್ಲಿ ನಡೆದದ್ದಕ್ಕೆ ಯಾರೂ ಸಾಕ್ಷಿಯಿರಲಿಲ್ಲ. ಕೃಷ್ಣಾಜಿಯವರೂ ಕೈಚೆಲ್ಲಿದರು. ದಿನ ಕಳೆದಂತೆ ಧರ್ಮರಾಜನ ಮಾತು ಬದಲಾಯಿತು. "ನಾನ ಸ್ಟೇರಿಂಗ್ ಜಾಸ್ತಿ ತಿರುವಿದ್ನೋ ಏನೋ. ನಂದ ತಪ್ಪಿರಬೇಕು ಬಿಡು." ಕೈ ಹೋದದ್ದನ್ನಾದರೂ ಪ್ರತಿಮಾ ಸಹಿಸಿಯಾಳು, ಈ ಮಾತನ್ನು ಸಹಿಸಲಾಗಲಿಲ್ಲ. ಅವನ ಕೈ ಮುರಿದವನು ಅವನ ನೆನಪನ್ನೂ ಮುರಿದಿದ್ದ.

ಫಿಯಾಟಿನ ಇನ್ನರ್ಧ ಚನಮಲ್ಲಪ್ಪನದು. ಬನಹಟ್ಟಿಯಲ್ಲಿ ಅವನದೊಂದು ವೆಲ್ಡಿಂಗ್ ಅಂಗಡಿ. ಧರ್ಮರಾಜನನ್ನು ಅಣ್ಣ ಎಂದೂ ಅತ್ತಿಗೆಯ ಲೆಕ್ಕದಲ್ಲಿ ಪ್ರತಿಮಾಳನ್ನು ವೈನಿ ಎಂದೂ ಕರೆಯುತ್ತಿದ್ದ. ಗಾಡಿಯ ಚಪ್ಪಟೆಯಾದ ಛಾವಣಿಯನ್ನು ಬಡಿದೆಬ್ಬಿಸಿ, ಇಂಜಿನ್ ಬಿಚ್ಚಿ ಜೋಡಿಸಿ, ವರ್ಷದ ಭಾನುವಾರಗಳನ್ನೆಲ್ಲ ಅವನು ಆ ಗಾಡಿಗೇ ಸುರಿದಿದ್ದ. ಇನ್ನೊಬ್ಬ ಚಾಲಕನನ್ನು ಹುಡುಕುತ್ತಿದ್ದಾಗ ಪ್ರತಿಮಾ ಅಂಗಡಿಗೆ ಬಂದು ನಿಂತಳು.

"ನಾ ಓಡಸ್ತೀನಿ. ಎರಡನೇ ಪಾಳಿ ನಂದು."

"ನೀವಾ ವೈನಿ?"

"ಯಾಕ, ನನಗ ಗಾಡಿ ಬರಂಗಿಲ್ಲೇನು?"

ಬರುತ್ತಿತ್ತು. ಮನೆಯ ಮಾರುತಿಯನ್ನು ವರ್ಷಗಳಿಂದ ಓಡಿಸುತ್ತಿದ್ದವಳು ಅವಳೇ. ನೀರು ಇಳಿಯುತ್ತಿದ್ದಂತೆ ಇಬ್ಬರೂ ಫಿಯಾಟನ್ನು ಬಯಲಿಗೆ ಒಯ್ದರು. ಕೆಲವೇ ವಾರಗಳಲ್ಲಿ ಅವಳು ಚನಮಲ್ಲಪ್ಪನಷ್ಟೇ ಚುರುಕಾಗಿ ತಿರುವು ತೆಗೆದುಕೊಳ್ಳತೊಡಗಿದಳು. ಅವಳು ಆಗಾಗ ದಾರಿ ಬಿಟ್ಟು ಅಂಚಿನ ಮೆತ್ತನೆಯ ಹೂಳಿನಲ್ಲಿ ಒಂದು ಬದಿಯ ಗಾಲಿ ಇಳಿಸುತ್ತಿದ್ದುದು ಮಾತ್ರ ಅವನಿಗೆ ಅರ್ಥವಾಗಲಿಲ್ಲ. ಹಾಗೆ ಇಳಿಸಿದಾಗ ಹಿಂದೆ ಹಿಟ್ಟಿನಂಥ ಕಪ್ಪು ಧೂಳು ಗೋಡೆಯಂತೆ ಏಳುತ್ತಿತ್ತು.

"ಅಲ್ಲೇನ ಮಾಡಾಕತ್ತೀರಿ? ಗಾಡಿ ಹಗೂರ ಆಗತೈತಲ್ಲ ಅಲ್ಲೆ."

"ಜಾರಿದ್ರ ಹೆಂಗ ಹಿಡೀಬೇಕು ಅಂತ ಕಲಿಯಾಕತ್ತೇನಿ" ಎಂದಳು ಪ್ರತಿಮಾ. ಅವನು ನಂಬಿದ.

ರೇಸಿನ ದಿನ ಚನಮಲ್ಲಪ್ಪ ಜೀವ ಒತ್ತೆಯಿಟ್ಟವನಂತೆ ಓಡಿಸಿದ. ಅವನ ಪಾಳಿ ಮುಗಿದಾಗ ಮುಧೋಳದ ಅಂಬಾಸಿಡರ್ ಮೊದಲನೆಯದು, ಫಿಯಾಟ್ ಎರಡನೆಯದು. ಅಂಬಾಸಿಡರ್ ಆಗಲೇ ಹೊಗೆ ಉಗುಳತೊಡಗಿತ್ತು. ಚನಮಲ್ಲಪ್ಪ ಇಳಿಯುತ್ತಲೇ ಪ್ರತಿಮಾಳ ಹೆಗಲು ಹಿಡಿದು ಕೂಗಿದ, "ವೈನಿ, ಅದು ಬಾಳ ಹೊತ್ತು ಉಳಿಯಂಗಿಲ್ಲ! ಹಿಂಗ ಹಿಡಕೊಂಡು ಹೋಗ್ರಿ ಸಾಕು, ಕಪ್ ನಮ್ಮದು!" ಅವನ ಕಣ್ಣಲ್ಲಿ ನೀರಿತ್ತು. ಧರ್ಮರಾಜ ಎಡಗೈಯಿಂದ ಅವಳ ಮುಖಕ್ಕೆ ಒದ್ದೆ ಟವೆಲ್ ಸುತ್ತಿದ. "ಹುಷಾರು" ಎಂದನಷ್ಟೆ.

ಪ್ರತಿಮಾ ಬಯಲಿಗಿಳಿದಳು. ಎರಡನೇ ಪಾಳಿಯನ್ನು ಪರಮಾನಂದ ಯಾವಾಗಲೂ ತಾನೇ ಇಟ್ಟುಕೊಳ್ಳುತ್ತಿದ್ದ. ಕೊನೆಗೆ ಜನ ಚಪ್ಪಾಳೆ ತಟ್ಟುವಾಗ ಸ್ಟೇರಿಂಗಿನ ಹಿಂದೆ ಅವನೇ ಇರಬೇಕು. ಎಸ್ಟೀಮ್ ಮೂರನೆಯ ಸ್ಥಾನದಲ್ಲಿತ್ತು, ಅವಳಿಗಿಂತ ಅರ್ಧ ಸುತ್ತು ಹಿಂದೆ. ಅವಳು ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿ ಕಾದಳು.

ಕನ್ನಡಿಯಲ್ಲಿ ಎಸ್ಟೀಮಿನ ಮೂತಿ ಕಂಡಾಗ ಅವಳ ಎದೆ ಶಾಂತವಾಯಿತು. ವರ್ಷದಿಂದ ಇಷ್ಟು ಶಾಂತವಾಗಿರಲಿಲ್ಲ. ಅವಳು ಎಡಗಾಲಿಗಳನ್ನು ಹೂಳಿಗೆ ಇಳಿಸಿದಳು.

ಎಸ್ಟೀಮಿಗೆ ಗ್ಲಾಸಿಲ್ಲ, ಬರಿ ಜಾಳಿಗೆ. ಧೂಳೆಲ್ಲ ನೇರ ಪರಮಾನಂದನ ಮುಖಕ್ಕೆ. ಅವನು ಬಲಕ್ಕೆ ಬಂದರೆ ಅವಳೂ ಬಲಕ್ಕೆ, ಎಡಕ್ಕೆ ಬಂದರೆ ಎಡಕ್ಕೆ. ಹಾರ್ನ್ ಒತ್ತಿದ, ಒತ್ತುತ್ತಲೇ ಇದ್ದ. ಹಿಂದಿನಿಂದ ಬೇರೆ ಗಾಡಿ ಬಂದರೆ ಪ್ರತಿಮಾ ಕಿಟಕಿಯಿಂದ ಕೈ ಹೊರಹಾಕಿ ದಾರಿ ಬಿಡುತ್ತಿದ್ದಳು. ಅದು ದಾಟಿದ್ದೇ ತಡ ಮತ್ತೆ ಎಸ್ಟೀಮಿಗೆ ಅಡ್ಡ. ತನಗಿಂತ ಒಂದು ಸುತ್ತು ಹೆಚ್ಚು ಹಾಕಿದವರಿಗೆ ಮಾತ್ರ ದಾರಿ ಬಿಡಬೇಕೆಂಬುದು ನಿಯಮ. ಪರಮಾನಂದ ಅವಳ ಹಿಂದಿದ್ದವನು, ಅವನಿಗೆ ಬಿಡಬೇಕಾದ್ದಿರಲಿಲ್ಲ.

ಫಿಯಾಟ್ ಎರಡರಿಂದ ನಾಲ್ಕಕ್ಕೆ, ನಾಲ್ಕರಿಂದ ಆರಕ್ಕೆ ಇಳಿಯಿತು. ಚನಮಲ್ಲಪ್ಪ ದಾರಿಯ ಅಂಚಿಗೆ ಓಡಿಬಂದು ಎರಡೂ ಕೈ ಬೀಸುತ್ತ ಕೂಗುತ್ತಿದ್ದ, "ಮುಂದ ಹೋಗ್ರಿ! ವೈನಿ, ಮುಂದ!" ಪ್ರತಿ ಸುತ್ತಿನಲ್ಲೂ ಅವಳಿಗೆ ಅವನು ಕಾಣುತ್ತಿದ್ದ. ಒಂದು ಸುತ್ತಿನಲ್ಲಿ ಅವನು ಕೈ ಬೀಸುವುದನ್ನು ನಿಲ್ಲಿಸಿ ಸುಮ್ಮನೆ ನಿಂತಿದ್ದ. ಅವಳು ಅವನತ್ತ ಹೊರಳಿ ನೋಡಿದಳು. ಆದರೂ ಗಾಲಿ ಹೂಳಿನಲ್ಲೇ ಇತ್ತು.

ಪರಮಾನಂದ ಗಾಡಿ ಹೊರಗೆ ತೆಗೆದು ಏರ್ ಫಿಲ್ಟರ್ ಝಾಡಿಸಿ, ಕಣ್ಣು ತೊಳೆದುಕೊಂಡು ಮತ್ತೆ ಬಂದ. ಅವನು ಬರುವವರೆಗೂ ಪ್ರತಿಮಾ ಹುಣಸೆ ಬೊಡ್ಡೆಯ ಬಳಿ ತೆವಳುತ್ತ ಕಾಯುತ್ತಿದ್ದಳು. ಅವಳು ಕಪ್ಪಿಗಾಗಿ ಓಡಿಸುತ್ತಿಲ್ಲ ಎಂದು ನೋಡುತ್ತಿದ್ದ ಜನಕ್ಕೆ ಆಗ ತಿಳಿಯಿತು. ಬಯಲಿನ ಗದ್ದಲ ತಗ್ಗಿತು. ಯಾರೂ ಮೊದಲ ಸ್ಥಾನದ ಅಂಬಾಸಿಡರನ್ನು ನೋಡುತ್ತಿರಲಿಲ್ಲ.

ಕೊನೆಗೆ ಧೂಳು ಮೆತ್ತಿದ ರೇಡಿಯೇಟರ್ ಕಾದು ಎಸ್ಟೀಮಿನ ಬಾನೆಟ್ಟಿನಿಂದ ಹಬೆ ಎದ್ದಿತು. ಪರಮಾನಂದ ನಿಲ್ಲಿಸಬೇಕಿತ್ತು, ಹಟಕ್ಕೆ ಬಿದ್ದು ಇನ್ನೂ ಒತ್ತಿದ. ಗುಡಿಕಟ್ಟೆಗಿಂತ ಸ್ವಲ್ಪ ಮುಂಚೆ ಒಳಗೆ ಏನೋ ಕಟಕಟ ಅಂದು ಇಂಜಿನ್ ಜಾಮ್ ಆಯಿತು. ಪ್ರತಿಮಾ ಕನ್ನಡಿಯಲ್ಲಿ ನೋಡಿದಳು. ತಾನೂ ಫಿಯಾಟ್ ನಿಲ್ಲಿಸಿ ಇಳಿದಳು.

ಪರಮಾನಂದ ಕೆಮ್ಮುತ್ತ ಹೊರಬಂದ. ಕಣ್ಣೆರಡನ್ನು ಬಿಟ್ಟು ಅವನ ಮುಖವೆಲ್ಲ ಕಪ್ಪು. ಕೃಷ್ಣಾಜಿ, ಧರ್ಮರಾಜ, ಚನಮಲ್ಲಪ್ಪ, ಹಿಂದೆ ಇನ್ನಷ್ಟು ಜನ ಓಡಿಬಂದರು.

"ಹುಚ್ಚ ಹಿಡದೈತೇನು ನಿನಗ?" ಪರಮಾನಂದ ಕಿರುಚಿದ. ವೈನಿ ಎನ್ನುವುದು ಹೋಗಿತ್ತು, ಬಹುವಚನವೂ ಹೋಗಿತ್ತು. "ನನ್ನ ಇಂಜಿನ್ ಸುಟ್ಟೆಲ್ಲ!"

ಪ್ರತಿಮಾ ಮುಖದ ಟವೆಲ್ ಬಿಚ್ಚಿದಳು. "ಧೂಳಂದ್ರ ಏನಂತ ಗೊತ್ತಾತೇನ್ರಿ ವಕೀಲರ? ಈಗ ಕಾಣಲಿಲ್ಲ ಅಂತ ಹೇಳ್ರಿ, ನಂಬತೀನಿ."

"ಗಂಡಾ ಹೆಂಡತಿ ಇಬ್ಬರೂ ಒಂದ! ಅಂವಾನೂ ಹಿಂಗ ಅಡ್ಡ ಕುಂತಿದ್ದ. ಎಷ್ಟ ಹಾರ್ನ್ ಹೊಡದ್ರೂ ಸರೀಲಿಲ್ಲ ಮಗಾ, ನನ್ನ ಕಡೆ ಹೊಳ್ಳಿ ನೋಡಿ ನಕ್ಕಾ! ಮತ್ತ ನಾನೇನು..."

ಅವನು ಬಾಯಿ ಮುಚ್ಚಿಕೊಂಡ. ತಡವಾಗಿತ್ತು.

ಕೃಷ್ಣಾಜಿ ಒಂದು ಹೆಜ್ಜೆ ಮುಂದೆ ಬಂದರು. "ಪರಮಾನಂದ, ಹೋದ ವರ್ಷ ಮುಂದ ಗಾಡಿ ಇದ್ದದ್ದ ಗೊತ್ತಾಗಲಿಲ್ಲ ಅಂದಿದ್ದಿ. ನಕ್ಕಿದ್ದು ಹೆಂಗ ಕಾಣಸ್ತು?"

"ಅದು... ಸರ್, ಅದು ಮೊದಲ... ಬ್ಯಾರೆ ಸುತ್ತಿನ್ಯಾಗ..."

"ಸಾಕು. ಹೋದ ವರ್ಷದ ಕಪ್ ನಾಳೆ ನಮ್ಮ ಮನಿಗೆ ಮುಟ್ಟಿಸು. ಇನ್ನ ಈ ಬಯಲಿಗೆ ನೀ ಬರೂದು ಬ್ಯಾಡ."

ಪರಮಾನಂದ ಸುತ್ತ ನೋಡಿದ. ಅವನ ಗೆಳೆಯರೇ ಬೇರೆ ಕಡೆ ಮುಖ ತಿರುಗಿಸಿದ್ದರು. ಧರ್ಮರಾಜ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದ. "ಅಂವಾ ದೂಡಿದ" ಎಂದು ಮೆಲ್ಲಗೆ ತನಗೆ ತಾನೇ ಹೇಳಿಕೊಂಡ. ಮತ್ತೊಮ್ಮೆ ಹೇಳಿದ. ಅದನ್ನು ಕೇಳಿ ಪ್ರತಿಮಾಳಿಗೆ ಅಳು ಬರಲಿಲ್ಲ, ಹಸಿದವಳಿಗೆ ಊಟ ಸಿಕ್ಕಂತಾಯಿತು.

ಈ ವರ್ಷದ ಕಪ್ ಮುಧೋಳದವರಿಗೆ ಹೋಯಿತು. ಅವರ ಅಂಬಾಸಿಡರ್ ಗೆರೆ ದಾಟಿದ ಕೂಡಲೇ ಕೆಟ್ಟು ನಿಂತಿತ್ತು. ಫಿಯಾಟಿಗೆ ಏನೂ ಆಗಿರಲಿಲ್ಲ, ಇನ್ನೂ ಎರಡು ತಾಸು ಓಡುವಂತಿತ್ತು. ಚನಮಲ್ಲಪ್ಪ ಬಾನೆಟ್ ಎತ್ತಿ ಇಂಜಿನ್ ಮುಟ್ಟಿ ನೋಡಿ, ಮತ್ತೆ ಮುಚ್ಚಿ, ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿದ.

ಅವಳು ಮರುವಾರ ಅವನ ಅಂಗಡಿಗೆ ಹೋದಳು. ಅವನು ಯಾರದೋ ಗೇಟು ಬೆಸೆಯುತ್ತಿದ್ದ.

"ಸಿಟ್ಟ ಆಗೀಯೇನು ಚನಮಲ್ಲು?"

"ಅಣ್ಣನ ಸಲುವಾಗಿ ಮಾಡೀರಿ. ಅದಕ್ಕ ಏನೂ ಅನ್ನಂಗಿಲ್ಲ." ಅವನು ತಲೆ ಎತ್ತಲಿಲ್ಲ. "ನನಗೊಂದ ಮಾತು ಹೇಳಬೇಕಿತ್ರಿ."

"ಹೇಳಿದ್ರ ಗಾಡಿ ಕೊಡ್ತಿದ್ದೇನು?"

"ಇಲ್ಲ."

"ಅದಕ್ಕ ಹೇಳಲಿಲ್ಲ."

ಚನಮಲ್ಲಪ್ಪ ಗೇಟನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದ. "ಮುಂದಿನ ವರ್ಷ ನಮ್ಮ ಅಂಗಡಿ ಹುಡುಗ ಲಗಮಪ್ಪನ್ನ ಕರಕೊತೀನಿ. ಅಂವಾ ಓಡಸ್ತಾನ" ಎಂದು ಕಪ್ಪು ಕನ್ನಡಕ ಹಾಕಿಕೊಂಡು ಮತ್ತೆ ಬೆಸೆಯತೊಡಗಿದ. ಕುಳಿತುಕೊಳ್ಳಿ ಎನ್ನಲಿಲ್ಲ. ಅವಳೂ ಕ್ಷಮಿಸು ಎನ್ನಲಿಲ್ಲ. ಅಂದಿದ್ದರೆ ಅದು ಸುಳ್ಳಾಗುತ್ತಿತ್ತು, ಏಕೆಂದರೆ ಇನ್ನೊಮ್ಮೆ ಅವಕಾಶ ಸಿಕ್ಕರೂ ಅವಳು ಅದನ್ನೇ ಮಾಡುತ್ತಿದ್ದಳು. ಆದರೂ ಮನೆಗೆ ಬರುವ ದಾರಿಯುದ್ದಕ್ಕೂ ಕೈಬೀಸುವುದನ್ನು ಬಿಟ್ಟು ಸುಮ್ಮನೆ ನಿಂತಿದ್ದ ಆ ಮನುಷ್ಯ ಅವಳ ಕಣ್ಣಮುಂದಿದ್ದ.

ಜಮಖಂಡಿಯ ಪೇಟೆಯಲ್ಲಿ ಆಮೇಲೆ ಪರಮಾನಂದ ಅವಳಿಗೆ ಹಲವು ಸಲ ಎದುರಾದ. ಮೊದಲ ಸಲ ಅವನು ಕೋಟಿನ ಮೇಲಿನ ಏನನ್ನೋ ಝಾಡಿಸುವವನಂತೆ ತಲೆ ತಗ್ಗಿಸಿದ. ಆಮೇಲೆ ದೂರದಿಂದ ಅವಳನ್ನು ಕಂಡರೇ ರಸ್ತೆ ದಾಟಿ ಆಚೆ ಬದಿಗೆ ಹೋಗತೊಡಗಿದ. ಪ್ರತಿಮಾ ತರಕಾರಿ ಚೀಲ ಕೆಳಗಿಟ್ಟು, ಅವನು ಕಣ್ಮರೆಯಾಗುವವರೆಗೂ ನಿಂತು ನೋಡುತ್ತಿದ್ದಳು. ಅವಸರವಿದ್ದರೂ ನಿಲ್ಲುತ್ತಿದ್ದಳು.