ಅಧ್ಯಕ್ಷೆ ಕರೆದ ಸಭೆ

“ಏ ಶಿವಗಂಗಿ, ಕಾಲ್ ಕೆಳಗಿಡ ಬೇ! ಓದಿದ್ದು ಜಾಸ್ತಿ ಆಗಿ ಕಣ್ಣು ಹೋದ್ವೇನು? ಇದು ಹಣಮಪ್ಪನ ಕಟ್ಟಿ, ನಿಮ್ಮಪ್ಪನ ಅಂಗಳ ಅಲ್ಲ!”

ಗುಡಿಯ ಕಟ್ಟೆಯ ಮೊದಲ ಮೆಟ್ಟಿಲಿಗೆ ಇಟ್ಟ ಕಾಲನ್ನು ಶಿವಗಂಗಾ ಹಿಂದಕ್ಕೆ ತೆಗೆದುಕೊಂಡಳು. ಅವಳು ಪಂಚಾಯಿತಿ ಅಧ್ಯಕ್ಷೆಯಾದ ಮೇಲೆ ನಡೆದ ಮೊದಲ ಗ್ರಾಮಸಭೆ ಅದು. ಮೇಲೆ ಜಮಖಾನೆಯ ನಟ್ಟನಡುವೆ ಕಲ್ಯಾಣಪ್ಪ ಗೌಡ ಕೂತಿದ್ದ. ಪಕ್ಕದಲ್ಲಿ ಪಿಡಿಒ ಅನೀಲಕುಮಾರ ಮೊಬೈಲಿನಲ್ಲಿ ಏನೋ ಬಹಳ ಘನವಾದದ್ದನ್ನು ಓದುತ್ತಿದ್ದ.

“ಸಭಾ ನಾ ನಡಸಬೇಕಲ್ರಿ ಗೌಡ್ರ.”

“ನಡಸು. ಬ್ಯಾಡ ಅಂದವರ್ಯಾರು? ಅಲ್ಲೇ ನಿಂತು ನಡಸು. ರಿಜರ್ವೇಶನ್ ಬಂತಂತ ನಿನ್ನ ಹೆಸರ ಹಾಕ್ಸೀನಿ. ಈಗೇನು ತಲಿ ಮ್ಯಾಲ ಹೊತ್ಕೊಂಡು ಕುಣೀಬೇಕೇನ, ರಂಡಿ?”

ಕಟ್ಟೆಯ ಮೇಲಿದ್ದವರು ನಕ್ಕರು. ಪಿಡಿಒ ಬಗ್ಗಿ, “ಮೇಡಂ, ಜರಾ ಅಡ್ಜಸ್ಟ್ ಮಾಡ್ಕೋರಿ” ಎಂದ. ಅವಳು ಬಿಸಿಲಲ್ಲಿ ನಿಂತು ಕೆಳಗಿನಿಂದ ಓದಿದ್ದನ್ನು ಅವರು ಮೇಲೆ ನೆರಳಲ್ಲಿ ಕೂತು ತೀರ್ಮಾನಿಸಿದರು. ಸಹಿ ಬೇಕಾದಾಗ ಮಾತ್ರ ಪಿಡಿಒ ಮೆಟ್ಟಿಲಿಳಿದು ಬಂದ.

ಗೌಡನ ಲೆಕ್ಕ ಸರಳವಾಗಿತ್ತು. ತನ್ನ ದನದ ಕೊಟ್ಟಿಗೆಯ ಸೆಗಣಿ ಬಳಿಯುವ ನಿಂಬೆವ್ವನ ಮಗಳು, ತೋರಿಸಿದ ಕಡೆ ಸಹಿ ಹಾಕಿಕೊಂಡು ಬಿದ್ದಿರುತ್ತಾಳೆ. ಆಳಂದದ ಆಯೇಶಾ ಆಪಾ ಅವನ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಹೈಸ್ಕೂಲಿನಲ್ಲಿ ಪಾಠ ಹೇಳಿದ ಆ ಟೀಚರೇ ಕಲಬುರಗಿಯ ಒಂದು ಸಂಸ್ಥೆಯ ಬಾಗಿಲು ಬಡಿದು ಶಿವಗಂಗಾಳಿಗೆ ವಿದ್ಯಾರ್ಥಿವೇತನ ಕೊಡಿಸಿದ್ದು. ರಜೆಯಲ್ಲಿ ಅವಳನ್ನು ಕಚೇರಿಯಿಂದ ಕಚೇರಿಗೆ ಕರೆದೊಯ್ದು, ಸಾಹೇಬರ ಮುಂದೆ ಕೈಕಟ್ಟಿ ನಿಲ್ಲಬಾರದೆಂದು ಕಲಿಸಿದ್ದೂ ಅವರೇ. ಬಿ.ಎ. ಮುಗಿಸಿ ಬಂದ ವರ್ಷವೇ ಚುನಾವಣೆ ಬಂದಾಗ ಆಪಾ, “ನಿಂದ್ರು ಬೇಟಾ. ಹೆಸರು ಗೌಡ ಹಾಕ್ಲಿ, ಕೆಲಸ ನೀ ಮಾಡು” ಅಂದಿದ್ದರು.

ಕೆಲಸ ಮಾಡುವಾಗ ಇಷ್ಟು ಒಂಟಿಯಾಗುತ್ತೀ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಹಾಸ್ಟೆಲಿನಲ್ಲಿ ಜೇವರ್ಗಿಯ ಜಸ್ಮೀನಳೂ ಇವಳೂ ಒಂದೇ ಚಾದರಿನಲ್ಲಿ ಮಲಗಿ, ಮಾತಿನಲ್ಲೇ ಇಡೀ ಜಿಲ್ಲೆಯನ್ನು ಸುಧಾರಿಸಿಬಿಟ್ಟಿದ್ದರು. ಈಗ ಜಸ್ಮೀನಳೂ ತನ್ನೂರಿನ ಪಂಚಾಯಿತಿಯಲ್ಲಿ ಸದಸ್ಯೆ. ಫೋನಿನಲ್ಲಿ ಇಬ್ಬರೂ “ಆರಾಮ” ಎಂದು ಸುಳ್ಳು ಹೇಳುತ್ತಿದ್ದರು. ತೊಗರಿ ಹೊಲದಲ್ಲಿ ಕಳೆ ತೆಗೆಯುವ ಕೇರಿಯ ಹೆಂಗಸರು ಇವಳು ಹೋದರೆ ಮಾತು ನಿಲ್ಲಿಸಿ, “ಬರ್ರಿ ಮೇಡಂ” ಎಂದು ಜಾಗ ಬಿಡುತ್ತಿದ್ದರು. ಮನೆಯ ಹೊರಗೆ ಅವಳನ್ನು ‘ಬೇ’ ಎನ್ನುವವನು ಈಗ ಗೌಡ ಒಬ್ಬನೇ.

ಮುಂದಿನ ಸಭೆ ಕೇರಿಯ ಸಮುದಾಯ ಭವನದಲ್ಲಿ ಎಂದು ಶಿವಗಂಗಾ ಹೇಳಿದ ದಿನ ನಿಂಬೆವ್ವ ಒಲೆಯ ಮುಂದಿನಿಂದ ಏಳಲಿಲ್ಲ.

“ಗೌಡ ಕೆಲಸ ಬಿಡಸಿದ್ರ ಯಾರ ಮನಿ ಬಾಗಲಿಗಿ ಹೋಗ್ಲಿ ಬೇ ನಾ? ಕೆಳಗ ನಿಂತ್ರ ಸವದು ಹೋಗ್ತೀದೇನು?”

“ಸವದೀನಿ ಯವ್ವಾ.”

ಆಮೇಲೆ ಅವಳು ಆಪಾಗೆ ಫೋನು ಹಚ್ಚಿದಳು. “ಆಪಾ, ನೀವು ಏನೂ ಮಾತಾಡಬ್ಯಾಡ್ರಿ. ಬಂದು ಬಾಜೂಕ ಕುಂದರ್ರಿ, ಸಾಕು.”

“ಬರ್ತಿದ್ದೆ ಬೇಟಾ. ನಾ ಬಂದ್ರ ಅವರು ಹಿಂದೂ-ಮುಸಲ್ಮಾನ ಜಗಳ ಮಾಡ್ತಾರ. ನಿನ್ನ ಮಾತು ಅದರಾಗ ಮುಳಗಿ ಹೋಗ್ತದ. ಇದು ನೀ ಒಬ್ಬಾಕಿನ ಮಾಡಬೇಕು.”

ಆಪಾ ಹೇಳಿದ್ದು ಖರೆ. ಖರೆ ಎಂದು ಗೊತ್ತಿದ್ದಕ್ಕೇ ಅವಳಿಗೆ ಸಿಟ್ಟು ಬಂತು. ಫೋನಿಟ್ಟು ಹಿತ್ತಲಿಗೆ ಹೋಗಿ ಅತ್ತಳು.

ಆ ಊರಲ್ಲಿ ನೋಟಿಸು ಯಾರೂ ಓದುವುದಿಲ್ಲ. ಹಲಗೆ ಬಾರಿಸಿ ಡಂಗುರ ಹೊಡೆದರೆ ಮಾತ್ರ ಸಭೆ ಉಂಟು. ತಲೆಮಾರುಗಳಿಂದ ಡಂಗುರ ಹೊಡೆಯುವುದು ಶಿವಗಂಗಾಳ ಮನೆತನ. ಈಗ ಆ ಪಾಳಿ ಅವಳ ಕಾಕಾ ಭಗವಂತನದು. ಸಭೆಯ ದಿನ ಬೆಳಿಗ್ಗೆ ಅವಳು ಅವನಿಗೆ ಬಾಯಿಪಾಠ ಮಾಡಿಸಿದಳು. ಅವನು ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸುತ್ತ, “ಅಧ್ಯಕ್ಷರು ಶಿವಗಂಗಾ ಅವರು ಸಭಾ ಕರದಾರ, ಕೇರಿ ಭವನಕ್ಕ ಬರ್ರೆಪ್ಪೋ!” ಎಂದು ಹೇಳಿ ಹೇಳಿ ನಕ್ಕ. ಅಣ್ಣನ ಮಗಳ ಹೆಸರು ಬಾಯಲ್ಲಿ ಸಕ್ಕರೆಯಾಗಿತ್ತು.

ಕೇರಿಯಲ್ಲಿ ಸರಿಯಾಗಿಯೇ ಸಾರಿದ. ಶಿವಗಂಗಾ ಭವನದ ಕಸ ಗುಡಿಸುತ್ತ ಕೇಳಿಸಿಕೊಂಡಳು. ಹಲಗೆಯ ಸದ್ದು ಊರೊಳಗೆ ಹೋಯಿತು, ಗೌಡನ ಓಣಿಗೆ ಹೊರಳಿತು.

“ಗೌಡ್ರು ಸಭಾ ಕರದಾರ, ಹಣಮಪ್ಪನ ಕಟ್ಟಿಗಿ ಬರ್ರೆಪ್ಪೋ!”

ಕಸಬರಿಗೆ ಕೈಯಲ್ಲೇ ಉಳಿಯಿತು. ತುಸು ಹೊತ್ತಿಗೆ ಜನ ಭವನದ ಮುಂದಿನಿಂದಲೇ ಕಟ್ಟೆಯ ಕಡೆ ಹೊರಟರು. ಕೇರಿಯವರೂ ಹೊರಟರು. ಅವರ ನಡುವೆ ಸೆರಗು ಮುಂದೆ ಎಳೆದುಕೊಂಡು ನಿಂಬೆವ್ವನೂ ಇದ್ದಳು.

ಭಗವಂತ ಬಂದು ಬಾಗಿಲಲ್ಲಿ ಕುಸಿದು ಕೂತ.

“ಚಪ್ಪಲಿಲೆ ಹೊಡಿ ತಂಗಿ ನನ್ನ. ಗೌಡ ಬಾಗಲದಾಗ ನಿಂತಿದ್ದ. ಏನೂ ಅನಲಿಲ್ಲ, ಸುಮ್ನ ನೋಡಿದ. ನಾಲಗಿ ತಾನ ಹೊಳ್ಳಿಬಿಡ್ತು. ನಮ್ಮಪ್ಪ ಕಲಸಿದ್ದು ಅದ ಒಂದ ಹೆಸರು ಬೇ.”

“ಹೊಳ್ಳಿ ಸಾರು ನಡಿ ಕಾಕಾ.”

“ಆಗೂದಿಲ್ಲ.” ಅವನು ಹಲಗೆಯನ್ನು ಹೆಗಲಿನಿಂದ ಇಳಿಸಿದ.

“ಹಂಗಾರ ಕೊಡಿಲ್ಲಿ.”

“ಹುಚ್ಚಿ! ಹೆಣ್ಮಕ್ಕಳು ಮುಟ್ಟತಾರೇನು? ಇದರ ನೆರಳು ಬೀಳಬಾರದಂತ ನಿಮ್ಮಪ್ಪ ನಿನ್ನ ಸಾಲಿಗಿ ಹಾಕಿದ್ದ. ಸಾಯೋಮುಂದೂ ಅದ ಹೇಳಿದ.”

ಅವಳಿಗೆ ಗೊತ್ತಿತ್ತು. ಹಸಿ ತೊಗಲು, ಹೊಗೆ, ಬೆವರಿನ ವಾಸನೆ ಮೂಗಿಗೆ ಬಡಿದಾಗ ನಾಚಿಕೆಯೂ ಆಯಿತು, ವಾಕರಿಕೆಯೂ ಬಂತು. ಆದರೂ ಹಲಗೆಯನ್ನು ಹೆಗಲಿಗೆ ಹಾಕಿಕೊಂಡು ನಡೆದಳು.

ಕಟ್ಟೆಯ ಮೇಲೆ ಗೌಡ ಮೈಕು ಹಿಡಿದು, “ಊರ ಹಿರಿಯರ...” ಎಂದಿದ್ದ. ಅಷ್ಟರಲ್ಲಿ ಹಲಗೆಗೆ ಪೆಟ್ಟು ಬಿತ್ತು. ತಾಳ ಗೊತ್ತಿಲ್ಲದ ಕೈ, ಸಿಕ್ಕ ಹಾಗೆ ಬಿತ್ತು.

“ಅಧ್ಯಕ್ಷರು ಶಿವಗಂಗಾ ಸಭಾ ಕರದಾರ! ನಿಂಬೆವ್ವನ ಮಗಳು ಶಿವಗಂಗಾ! ಕೇರಿ ಭವನಕ್ಕ ಬರ್ರೆಪ್ಪೋ!”

ಪಿಡಿಒ ಈ ಸಲ ಮೊಬೈಲಿನಿಂದ ತಲೆಯೆತ್ತಿದ.

“ಅಧ್ಯಕ್ಷಿ ಆದ್ರೂ ಹಲಗಿ ಬಿಡಲಿಲ್ಲ ನೋಡ್ರೋ!” ಗೌಡ ನಗಲು ನೋಡಿದ. ಕೆಲವರು ನಕ್ಕರು. ನಗು ನಿಂತ ಮೇಲೆ ಅವನು ಮತ್ತೆ ಮೈಕಿಗೆ ಬಾಯಿಟ್ಟ. ಅವಳು ಮತ್ತೆ ಬಾರಿಸಿದಳು.

“ಏ ಸೂಳಿಮಗಳ, ನಿಲ್ಲಸ್ತೀದೋ ಇಲ್ಲೋ?”

ಬಾರಿಸಿದಳು. ಗೌಡ ಬಾಯಿ ತೆರೆದಾಗಲೆಲ್ಲ ಬಾರಿಸಿದಳು, ಮುಚ್ಚಿದಾಗ ತನ್ನ ಹೆಸರು ಹೇಳಿ ಕರೆದಳು. ಕೂತವರು ಯಾರೂ ಏಳಲಿಲ್ಲ. ಅವಳನ್ನು ತಡೆಯಲೂ ಯಾರೂ ಇಳಿಯಲಿಲ್ಲ, ಹಲಗೆ ಮೈಗೆ ತಗುಲಿದರೆ ಮೈಲಿಗೆ. ಕಟ್ಟೆಯ ಕೆಳಗೆ ಮಣ್ಣಲ್ಲಿ ಕೂತ ನಿಂಬೆವ್ವ ಸೆರಗಿನೊಳಗಿಂದ ತಲೆ ಎತ್ತಲಿಲ್ಲ. ಬಿಸಿಲೇರಿತು, ಮಣಿಕಟ್ಟು ಬಾತುಕೊಂಡಿತು.

ಗೌಡ ಮೈಕು ಎತ್ತಿದ. ಶಿವಗಂಗಾ ಕೈ ಎತ್ತಿದಳು.