ಆರದ ಒಲೆ

ಖಜೂರಿಯ ನಮ್ಮ ಮನೆಯ ಒಲೆ ಎಂದೂ ಆರುತ್ತಿರಲಿಲ್ಲ. ಊಟವಾದ ಮೇಲೆ ಆಯಿ ಕೆಂಡಗಳನ್ನೆಲ್ಲ ಒಂದು ಕಡೆ ಕೂಡಿಸಿ ಮೇಲೆ ಬೂದಿ ಮುಚ್ಚುತ್ತಿದ್ದಳು. "ಇದರಾಗ ಕೆಂಪು ಸೀರಿ ಉಟ್ಟ ಹುಡುಗಿ ಮಲಗ್ಯಾಳ ನೋಡು. ಬೂದಿ ಅಕಿ ಕೌದಿ. ಮುಂಜಾನಿ ಊದಿ ಎಬ್ಬಿಸಬೇಕು. ನೀರು ಹಾಕಿದ್ರ ಮನಿ ಬಿಟ್ಟು ಹೋಗ್ತಾಳ" ಅನ್ನುತ್ತಿದ್ದಳು. ನಾನು ನಂಬಿದ್ದೆ. ಮುಂಜಾನೆ ಆಯಿ ಊದಿದಾಗ ಬೂದಿಯೊಳಗಿಂದ ಕೆಂಪಗೆ ಸೆರಗು ಸರಿದಂತಾಗುತ್ತಿತ್ತು.

ಆಯಿ ಅಂದರೆ ನಮ್ಮಪ್ಪನ ತಾಯಿ ಹೀರಾಬಾಯಿ. ಅಪ್ಪ ಅವ್ವ ನೌಕರಿಯ ಸಲುವಾಗಿ ಜೇವರ್ಗಿಯಲ್ಲಿದ್ದರು. ನಾನು ಆಯಿಯ ಕಥೆ ಕೇಳುತ್ತ ಖಜೂರಿಯಲ್ಲೇ ಬೆಳೆದೆ. ಮನೆಯಲ್ಲಿ ಚಂದ್ರಾಮಪ್ಪ ಕಾಕಾ, ಸುಮಿತ್ರಾ ಕಾಕಿ, ಆಯಿ ಮತ್ತು ನಾನು. ಮನೆಗೆ ಅಂಟಿಕೊಂಡೇ, ರಸ್ತೆಯ ಮಗ್ಗುಲಲ್ಲಿ, ಕಾಕಾನ ಹಿಟ್ಟಿನ ಗಿರಣಿ.

ಆರದ ಒಲೆಯೆಂದರೆ ಓಣಿಗೆಲ್ಲ ಭಕ್ತಿ. ಬೆಳಿಗ್ಗೆ ಹೆಂಗಸರು ಸಗಣಿಯ ಕುಳ್ಳಿನ ತುಂಡು ಹಿಡಿದು ಬಂದು ಬೆಂಕಿ ಒಯ್ಯುತ್ತಿದ್ದರು. ಅಂಬುಬಾಯಿಯೂ ಬರುತ್ತಿದ್ದಳು. ಅಂಬುಬಾಯಿ ಬರೆ ಹಾಕುವವಳು. ಕೂಸು ಹಾಲು ಕಕ್ಕಿದರೆ ಹೊಟ್ಟೆಗೆ, ಮುದುಕನ ಸೊಂಟ ಹಿಡಿದರೆ ಸೊಂಟಕ್ಕೆ, ಎತ್ತು ಕುಂಟಿದರೆ ಅದರ ತೊಡೆಗೆ, ಕಾಸಿದ ಕಬ್ಬಿಣದ ಕಡ್ಡಿಯಿಂದ ಗೆರೆ ಎಳೆಯುವಳು. ಆ ಕಡ್ಡಿ ಕಾಯಲು ಎಂದೂ ಆರದ ಒಲೆಯ ಕೆಂಡವೇ ಆಗಬೇಕೆಂಬ ಪದ್ಧತಿ. ಹೀಗಾಗಿ ಓಣಿಯ ಬರೆಯೆಲ್ಲ ನಮ್ಮ ಒಲೆಯಿಂದಲೇ. ನಾವು ಅದನ್ನು ಹೇಳಿಕೊಂಡು ಹೆಮ್ಮೆಪಡುತ್ತಿದ್ದೆವು. ಇವತ್ತು ಬರೆಯುತ್ತ ಕೂತರೆ ಆ ಹೆಮ್ಮೆಯೇ ಮುಖಕ್ಕೆ ಉಗುಳಿದಂತಾಗುತ್ತದೆ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ಎಂಬತ್ತೈದರ ಆಸುಪಾಸಿನಲ್ಲಿ, ಕಾಕಿಯ ಕೈ ಹಿಡಿಯಿತು. ಅಫಜಲಪುರ ಕಡೆಯಿಂದ ಬಂದವಳು ಆಕೆ. ರೊಟ್ಟಿ ಬಡಿದರೆ ಬೆಳಕು ಆಚೆ ಕಾಣಬೇಕು, ಅಷ್ಟು ತೆಳು. ಒಂದು ಚಳಿಗಾಲದ ಮುಂಜಾನೆ ಆಕೆಯ ಬೆರಳುಗಳು ಬಿಚ್ಚಲಿಲ್ಲ. ಗೆಣ್ಣುಗಳು ಕೆಂಪಗೆ ಬಾತು ಬಿಸಿಯಾಗಿದ್ದವು. ದಿನ ಕಳೆದಂತೆ ಮಣಿಕಟ್ಟು, ಮೊಣಕಾಲು. ಕುಬಸದ ಗುಂಡಿ ಹಾಕಿಕೊಳ್ಳಲೂ ಬಾರದಾಯಿತು. ಕಾಕಾ ಹಾಕುತ್ತಿದ್ದ, ಬಾಗಿಲು ಮುಚ್ಚಿ.

ಬಾಗಿಲು ಮುಚ್ಚಿ ಇನ್ನೊಂದನ್ನೂ ಮಾಡುತ್ತಿದ್ದ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ. ಕಾಕಿ ಮಗ್ಗುಲಲ್ಲಿ ಕೂತು, "ಅಂಚು ಸೀಳಾಕತ್ತದ, ನೀರ ಹಚ್ಚರಿ" ಅಂತ ಹೇಳಿಕೊಡುವಳು. ರೊಟ್ಟಿಗಳು ನಕಾಶೆಯ ಹಾಗೆ ಮೂಲೆಮೂಲೆಯಾಗಿ ಬರುತ್ತಿದ್ದವು. ಆಯಿ ಏನೂ ತಿಳಿಯದವಳಂತೆ ಮುರಿದು ತಿನ್ನುತ್ತಿದ್ದಳು. ತಿಳಿದದ್ದನ್ನು ಒಪ್ಪಿಕೊಂಡರೆ ಬಯ್ಯಬೇಕಾಗುತ್ತದೆ, ಬೈದರೆ ರೊಟ್ಟಿ ಯಾರು ಬಡಿಯಬೇಕು?

ಒಂದು ದಿನ ಜೋಳದ ಚೀಲ ಹೊತ್ತು ಬಂದ ಚಮನಸಾಬ ಗಿರಣಿಯಲ್ಲಿ ಎಲ್ಲರೆದುರು ಕೇಳಿಯೇಬಿಟ್ಟ: "ಏನ್ರಿ ಸಾಹುಕಾರ, ಮೀಸಿಗೆ ಹಿಟ್ಟು ಹತ್ತ್ಯದಲ್ಲ?"

"ಗಿರಣಿ ನಡಸಾಂವಗ ಹಿಟ್ಟು ಬಿಟ್ಟು ಅತ್ತರ ಹತ್ತತದೇನೋ?"

"ಗಿರಣಿ ಹಿಟ್ಟು ಒಣಾ ಇರ್ತದ ಮಾಲಕ. ಇದು ನಾದಿದ ಹಿಟ್ಟು!"

ಮಂದಿ ಹೊಟ್ಟೆ ಹಿಡಿದು ನಕ್ಕರು. ಕಾಕಾನೂ ನಕ್ಕ. ಮರುದಿನದಿಂದ ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕವೂ ಬಿತ್ತು.

ಕಾಕಾ ಕಾಕಿಯನ್ನು ಸೊಲ್ಲಾಪುರದ ದವಾಖಾನೆಗೆ ಕರೆದೊಯ್ದ. ಕಾಕಿಯ ಸೀರೆ ಸಂಬಾಳಿಸಲು, ನೀರು ಕುಡಿಸಲು ನಾನೂ ಜೊತೆಗೆ. ಅಲ್ಲಿನ ಹೆಣ್ಣು ಡಾಕ್ಟರನ್ನು ಎಲ್ಲರೂ ಡಾಕ್ಟರ್ ಬಾಯಿ ಅನ್ನುತ್ತಿದ್ದರು. ಆಕೆ ರಕ್ತ ಪರೀಕ್ಷಿಸಿ ನಮ್ಮ ಮಾತಿನಲ್ಲೇ ತಿಳಿಸಿ ಹೇಳಿದಳು: "ಇದು ಗಾಳಿ ಅಲ್ಲ, ಮಾಟ ಅಲ್ಲ. ಮನಿ ಕಾಯೋ ನಾಯಿ ಮನ್ಯಾನವರನ್ನ ಕಚ್ಚಿದಂಗ, ಮೈಯಾಗಿನ ಕಾವಲೇ ಕೀಲು ಕಚ್ಚಾಕತ್ತದ. ಪೂರಾ ಹೋಗೂದಿಲ್ಲ, ಆದ್ರ ಕಟ್ಟಿ ಹಾಕಬಹುದು. ಒಂದು ಔಷಧ ಹತ್ತಲಿಲ್ಲಂದ್ರ ಇನ್ನೊಂದು. ಬೇಸರ ಮಾಡ್ಕೊಂಡು ನಡುವ ಬಿಡಬ್ಯಾಡ್ರಿ."

ಮೊದಲ ಗುಳಿಗೆಗೆ ನೋವು ತಗ್ಗಿತು, ಆದರೆ ಹೊಟ್ಟೆ ಹುಣ್ಣಾಗಿ ಕಾಕಿ ರಕ್ತ ಕಾರಿದಳು. ಅದನ್ನು ಬಿಡಿಸಿದರು. ಎರಡನೆಯದಕ್ಕೆ ಕೈ ಬಿಚ್ಚಿದವು. ಕಾಕಿ ತಾನೇ ಜಡೆ ಹೆಣೆದುಕೊಂಡ ದಿನ ಕಾಕಾ ಗಿರಣಿ ಬಿಟ್ಟು ಬಂದು ನೋಡಿ ಹೋದ. ಆಮೇಲೆ ಅದೇ ಗುಳಿಗೆಗೆ ಆಕೆಯ ಮುಖ ಹೂರಣದ ಹೋಳಿಗೆಯಂತೆ ಊದಿತು. ಗುಳಿಗೆ ಕಡಿಮೆ ಮಾಡಿದರೆ ನೋವು ದುಪ್ಪಟ್ಟಾಗಿ ಹೊಡೆಯಿತು. ಡಾಕ್ಟರ್ ಬಾಯಿ, "ಇನ್ನ ಬಂಗಾರದ ಸೂಜಿ ಶುರು ಮಾಡೋಣ. ಖರೇನ ಬಂಗಾರದ ಅಂಶ ಇರ್ತದ ಅದರಾಗ. ಗುಣ ಕಾಣಾಕ ತಿಂಗಳಗಟ್ಟಲೆ ಬೇಕು" ಅಂದಳು.

ಮನೆಗೆ ಬಂದು ಹೇಳಿದರೆ ಆಯಿ ಹಣೆ ಬಡಿದುಕೊಂಡಳು. "ಕೈಗೆ ಬಂಗಾರ ಇಡಬೇಕಾದಾಂವ ಮೈಗೆ ಚುಚ್ಚಸ್ತಾನಂತ! ಎಷ್ಟು ಸಲ ಆತು ನಿನ್ನ ಸೊಲ್ಲಾಪುರ? ಒಮ್ಮೆ ರಕ್ತ ಕಾರಿದ್ಳು, ಒಮ್ಮೆ ಊದಿದ್ಳು. ನಮ್ಮ ಒಲಿ ಕೆಂಡ ಊರಿಗೆಲ್ಲ ಬೇಕು, ನಮ್ಮ ಸೊಸಿಗೆ ಬ್ಯಾಡೇನು?"

"ಯವ್ವಾ, ಡಾಕ್ಟರ್ ಹೇಳ್ಯಾರ ಬೇ..."

"ಡಾಕ್ಟರ್ ಬಂದು ರೊಟ್ಟಿ ಬಡೀತಾಳೇನು? ಇಲ್ಲಾಂದ್ರ ಇಕಿನ್ನ ಅಫಜಲಪುರಕ್ಕ ಬಿಟ್ಟು ಬಾ. ತವರವರು ನೋಡ್ಕೊಳ್ಳಲಿ."

ಕಾಕಾ ಎದ್ದು ಗಿರಣಿಗೆ ಹೋದ. ದಣಿದ ಮನುಷ್ಯನ ಸುಮ್ಮನಿರುವಿಕೆ ಒಪ್ಪಿಗೆಯಂತೆಯೇ ಕಾಣುತ್ತದೆ.

ಅಮಾವಾಸ್ಯೆಯ ಮುಂಜಾನೆ ಅಂಬುಬಾಯಿ ಬಂದಳು. ಕೆಟ್ಟವಳಲ್ಲ ಆಕೆ. ಕಡ್ಡಿಗೆ ವಿಭೂತಿ ಹಚ್ಚಿ ಕೈಮುಗಿದಳು. "ಹೆದರಬ್ಯಾಡ ನನ್ನವ್ವ, ಬ್ಯಾನಿ ಸುಟ್ಟುಹೋಗ್ತದ" ಅಂತ ಕಾಕಿಯ ತಲೆ ಸವರಿದಳು. ಕಡ್ಡಿ ನಮ್ಮ ಕೆಂಡದಲ್ಲಿ ಕೆಂಪಾಯಿತು. "ಗಂಡನೇ ಹಿಡೀಬೇಕು" ಅಂದಳು ಆಯಿ. ಕಾಕಾ ಆಕೆಯ ಕೈಗಳನ್ನು ಹಿಡಿದ. ನಾನು ಕಂಬದ ಹಿಂದಿದ್ದೆ. ಕಾಕಿ ಕಬ್ಬಿಣವನ್ನು ನೋಡಲೇ ಇಲ್ಲ. ಕಾಕಾನ ಮುಖ ನೋಡುತ್ತಿದ್ದಳು. ಎರಡೂ ಮಣಿಕಟ್ಟಿನ ಮೇಲೆ, ಬಳೆ ಸರಿಸಿ, ಸಾಲಾಗಿ ಗೆರೆ ಎಳೆದಳು ಅಂಬುಬಾಯಿ. ಆ ವಾಸನೆಗೆ ನಾನು ಹಿತ್ತಲಿಗೆ ಓಡಿದೆ. ಒಲೆಯೊಳಗಿನ ಕೆಂಪು ಸೀರೆಯ ಹುಡುಗಿ ಇಂಥ ಕೆಲಸವನ್ನೂ ಮಾಡುತ್ತಾಳೆಂದು ಆಯಿ ಕಥೆಯಲ್ಲಿ ಹೇಳಿರಲಿಲ್ಲ.

ಬ್ಯಾನಿ ಸುಡಲಿಲ್ಲ. ಗಾಯ ಕೀವಾಯಿತು, ಜ್ವರ ಬಂತು. ಸೂಜಿಯ ದಿನ ಸೊಲ್ಲಾಪುರಕ್ಕೆ ಹೋದಾಗ ಡಾಕ್ಟರ್ ಬಾಯಿ ಸೆರಗು ಸರಿಸಿ ನೋಡಿ ಕುರ್ಚಿಗೆ ಒರಗಿದಳು.

"ಇದೇನಿದು?"

ಕಾಕಾ ನೆಲ ನೋಡಿದ. ಕಾಕಿಯೇ ಮಾತಾಡಿದಳು. "ರೊಟ್ಟಿ ತಗಿಯೂ ಮುಂದ ಹಂಚು ತಾಗ್ತ್ರಿ."

"ಎರಡೂ ಕೈಗೆ? ಗೆರಿ ಹೊಡದಂಗ?" ಡಾಕ್ಟರ್ ಆಕೆಯ ಬೆರಳುಗಳನ್ನು ಮೆಲ್ಲಗೆ ಎತ್ತಿ ಹಿಡಿದಳು. ಅವು ಕೊಕ್ಕೆಗಳ ಹಾಗೆ ಬಾಗಿದ್ದವು. "ಈ ಕೈಲೆ ರೊಟ್ಟಿ ತಗದ್ರೇನವ್ವ ನೀವು?"

ಕಾಕಿ ಕೈಗಳನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು.

"ಬರಿ ಹಾಕ್ಸೇವ್ರಿ" ಅಂದ ಕಾಕಾ. ಆಮೇಲೆ, "ನಾನೇ ಹಿಡದಿದ್ನಿ" ಅಂದ.

ಡಾಕ್ಟರ್ ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಇಷ್ಟು ಕೀವು, ಜ್ವರ ಇಟ್ಟುಕೊಂಡು ನಾ ಸೂಜಿ ಶುರು ಮಾಡೂಹಂಗಿಲ್ಲ. ಗಾಯ ಮಾಯಬೇಕು. ಅಲ್ಲೀ ತನಕ ಕೀಲು ಸವಿತಾವ. ಸವದದ್ದು ತಿರುಗಿ ಬರೂದಿಲ್ಲ. ಔಷಧ ಸೋತಿತ್ತು ಅಂತ ತಿಳಕೊಂಡ್ರಿ ನೀವು. ಅದು ಸೋತಿರಲಿಲ್ಲ, ಹುಡುಕಾಕತ್ತಿತ್ತು."

ಬಸ್ಸು ಆಳಂದದ ರಸ್ತೆ ಹಿಡಿದಾಗ ಕಾಕಾ ಕಿಟಕಿಯ ಹೊರಗೆ ನೋಡುತ್ತ ಕೇಳಿದ: "ಯಾಕ ಸುಳ್ಳ ಹೇಳ್ದಿ?"

"ನೀವು ರೊಟ್ಟಿ ಬಡಿಯೂ ಮುಂದ ಬಾಗಲಾ ಹಾಕ್ಕೋತೀರಿ" ಅಂದಳು ಕಾಕಿ. "ನಿಮಗ ನಾಚಿಕಿ ಭಾಳ. ಅದಕ್ಕ ನಾನೂ ಒಂದು ಬಾಗಲಾ ಹಾಕಿದ್ನಿ."

ಆಕೆ ಚುಚ್ಚಲು ಹೇಳಿದ್ದಲ್ಲ. ಅದಕ್ಕೇ ಅದು ಆಳಕ್ಕೆ ಹೋಯಿತು. ಖಜೂರಿ ಬರುವವರೆಗೂ ಕಾಕಾ ರುಮಾಲಿನಿಂದ ಮುಖ ಮುಚ್ಚಿಕೊಂಡೇ ಕೂತಿದ್ದ. ಹೆಂಡತಿಗೆ ರೊಟ್ಟಿ ಬಡಿಯಲು ನಾಚಿದ ಕೈ, ಅವಳ ಕೈ ಹಿಡಿದು ಸುಡಿಸಲು ನಾಚಿರಲಿಲ್ಲ.

ಮರು ಅಮಾವಾಸ್ಯೆಗೆ ಅಂಬುಬಾಯಿ ಮತ್ತೆ ಬಂದಳು. "ಒಮ್ಮೆ ಹಾಕಿದ್ರ ಬ್ಯಾನಿ ಓಡಿ ಮೊಣಕೈಗೆ ಕೂಡ್ತದ. ಬೆನ್ನ ಹತ್ತಿ ಹಾಕಬೇಕು" ಅಂದಳು. ಆಯಿ ಕೆಂಡ ಕೆದರಿದಳು. ಕಾಕಿ ಗೋಡೆಗೆ ಆತು ಕೂತಿದ್ದಳು. ಗಾಯ ಆಗತಾನೇ ಒಣಗಿತ್ತು. ಆ ವಾರವೇ ಸೂಜಿ ಹಾಕಬೇಕಿತ್ತು. ಇಂದು ಕಬ್ಬಿಣ ತಾಗಿದರೆ ಅದೂ ಹೋಯಿತು.

ಕಾಕಾ ಗಿರಣಿಯಿಂದ ಬಂದ. ಕಡ್ಡಿ ಇಡುವ ಮುಂಚೆಯೇ ಆ ಕೆಂಡದ ಮೇಲೆ ಹಂಚು ಇಟ್ಟ. ಅಡುಗೆಮನೆಯ ಬಾಗಿಲು, ತಲೆಬಾಗಿಲು, ಎರಡನ್ನೂ ಅಗಲಕ್ಕೆ ತೆರೆದ. ಹಿಟ್ಟಿನ ಪರಾತ ಎಳೆದುಕೊಂಡು ರಸ್ತೆಗೆ ಮುಖ ಮಾಡಿ ಕೂತು ಬಡಿಯತೊಡಗಿದ.

"ಏನ್ ಮಾಡಾಕತ್ತೀಯೋ ಚಂದ್ರಾಮ! ಮಂದಿ ನೋಡ್ತಾರ!"

"ನೋಡ್ಲಿ ಬೇ. ಸುಡೂದನ್ನ ನೋಡಿದ ಮಂದಿ ಬಡಿಯೂದನ್ನೂ ನೋಡ್ಲಿ."

ಗಿರಣಿಗೆ ಬಂದವರು ಬಾಗಿಲಲ್ಲಿ ಗುಂಪುಗೂಡಿದರು. ಚಮನಸಾಬ ಬಾಯಿ ತೆರೆದವನು ಕಾಕಿಯ ಮಣಿಕಟ್ಟು ಕಂಡು ಮುಚ್ಚಿದ. ಕಾಕಾ ತಾನೇ ಕರೆದ: "ಬಾರೋ ಚಮನಸಾಬ, ನಾದಿದ ಹಿಟ್ಟ ಇದು. ಮೀಸಿಗಷ್ಟೇ ಅಲ್ಲ, ಮೊಣಕೈ ತನಕ ಹತ್ತ್ಯದ."

ಯಾರೂ ನಗಲಿಲ್ಲ. ಅಂಬುಬಾಯಿ ಕಡ್ಡಿಯನ್ನು ಅರಿವೆಯಲ್ಲಿ ಸುತ್ತಿಕೊಂಡು ಹೊರಟುಹೋದಳು.

ಆಯಿ ಕಾಕಾನ ಮುಂದೆ ಬಂದು ನಿಂತಳು. ಸೆರಗು ಸರಿಸಿ ಹೊಟ್ಟೆಯ ಮೇಲಿನ ಹಳೆಯ ಗೆರೆ ತೋರಿಸಿದಳು. "ನಾ ಕೂಸಿದ್ದಾಗ ಹಾಕ್ಯಾರ. ನಾ ಉಳದಿಲ್ಲೇನು?"

"ನೀ ಉಳದಿ ಬೇ ಯವ್ವಾ. ಬರಿಯಿಂದಲ್ಲ, ಬರಿ ತಿಂದೂ ಉಳದಿ. ನನ್ನ ತಂಗಿ?"

ಮನೆಯಲ್ಲಿ ಆ ಮಾತು ಯಾರೂ ಎತ್ತುತ್ತಿರಲಿಲ್ಲ. ಕಾಕಾನಿಗಿಂತ ಚಿಕ್ಕವಳೊಬ್ಬಳಿದ್ದಳು, ಕೂಸಿದ್ದಾಗಲೇ ತೀರಿಹೋದಳು. "ಆಯುಷ್ಯ ಇರಲಿಲ್ಲ" ಅಂತಷ್ಟೇ ಆಯಿ ಹೇಳುತ್ತಿದ್ದಳು. ಆಯಿ ಗೋಡೆ ಹಿಡಿದು ಕೂತಳು. ನನಗೆ ಕಥೆ ಹೇಳುತ್ತಿದ್ದ ಆ ದನಿಯಲ್ಲ, ಯಾವುದೋ ಸಣ್ಣ ಹುಡುಗಿಯ ದನಿಯಲ್ಲಿ ಕೇಳಿದಳು:

"ಭೇದಿ ಆಗಿತ್ತು ಅದಕ್ಕ. ಹಾಕಿಸಿದ್ನಿ. ಮರುದಿನ ಮೊಲಿ ಹಿಡೀಲಿಲ್ಲ... ಹಂಗಾದ್ರ, ನಾನೇ ಏನೋ ಚಂದ್ರಾಮ?"

ಯಾಕೆ ಆಯಿ ಇಷ್ಟು ವರ್ಷ ಬರೆಯನ್ನು ಬಿಟ್ಟುಕೊಟ್ಟಿರಲಿಲ್ಲವೆಂದು ನನಗೆ ಆಗ ಹೊಳೆಯಿತು. ಬರೆ ತಪ್ಪೆಂದರೆ ಆ ಕೂಸು ಮತ್ತೊಮ್ಮೆ ಸಾಯುತ್ತಿತ್ತು. ಕಾಕಿ ಕೂತಲ್ಲಿಂದ ಸರಿದು ಬಂದು ಬಾಗಿದ ಕೈಯನ್ನು ಆಯಿಯ ತೊಡೆಯ ಮೇಲಿಟ್ಟಳು. ಆಯಿ ಆ ಗೆರೆಗಳನ್ನು ನೋಡಲಾರದೆ ತನ್ನ ಸೆರಗಿನಿಂದ ಮುಚ್ಚಿದಳು.

ಬಂಗಾರದ ಸೂಜಿ ಶುರುವಾಯಿತು. ಅದೂ ನಡುವೆ ಮೈಗೆ ತುರಿಕೆ ತಂದು ನಿಂತಿತು, ಮತ್ತೆ ನಡೆಯಿತು. ಕಾಕಾ ಮತ್ತೆ ಮತ್ತೆ ಸೊಲ್ಲಾಪುರದ ಬಸ್ಸು ಹತ್ತಿದ. ಕಾಕಿಯ ಬೆರಳು ಪೂರಾ ನೆಟ್ಟಗಾಗಲಿಲ್ಲ. ಬರೆ ತಿಂದ ಆ ದಿನಗಳಲ್ಲಿ ಸವೆದದ್ದು ಸವೆದೇ ಹೋಯಿತು. ಕುಬಸದ ಗುಂಡಿ ಮಾತ್ರ ತಾನೇ ಹಾಕಿಕೊಳ್ಳುತ್ತಾಳೆ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಸೂಜಿ ಶುರುವಾದ ವರ್ಷದ ಬೇಸಿಗೆಯಲ್ಲಿ ಓಣಿಯ ಸುಂದರಬಾಯಿ ಕಂಕುಳಲ್ಲಿ ಮೊಮ್ಮಗನನ್ನು ಎತ್ತಿಕೊಂಡು ಓಡಿ ಬಂದಳು. ಕೂಸಿನ ಕಣ್ಣು ಒಳಗೆ ಸೇದಿದ್ದವು. "ಹೀರಾಬಾಯಿ, ಕೆಂಡ ಕೊಡವ್ವ. ಕೂಸಿಗೆ ಭೇದಿ. ಅಂಬುಬಾಯಿ ನಮ್ಮ ಮನ್ಯಾಗ ಕೂತಾಳ."

ಆಯಿ ಎದ್ದಳು. ನಾವೆಲ್ಲ ನೋಡುತ್ತಿದ್ದೆವು. ಹರವಿಯಿಂದ ತಂಬಿಗೆ ತುಂಬ ನೀರು ತೆಗೆದು ಒಲೆಗೆ ಸುರಿದಳು. ಚೊಂಯ್ ಎಂದು ಮನೆ ತುಂಬ ಹೊಗೆ ಎದ್ದಿತು. ಕೆಂಪು ಸೀರೆಯ ಹುಡುಗಿ ಕೊನೆಗೂ ನಮ್ಮ ಮನೆ ಬಿಟ್ಟಳು.

"ನಮ್ಮ ಒಲ್ಯಾಗ ಕೆಂಡ ಇಲ್ಲವ್ವ" ಅಂದಳು ಆಯಿ, ಹೊಗೆಗೋ ಏನೋ ಕಣ್ಣೊರೆಸಿಕೊಳ್ಳುತ್ತ. "ಚಂದ್ರಾಮ, ಗಿರಣಿ ಬಂದ್ ಮಾಡು. ಕೂಸಿನ್ನ ದವಾಖಾನಿಗೆ ಒಯ್ಯಬೇಕು. ಲಗೂ ನಡಿ, ನಾನೂ ಬರ್ತೇನಿ."